ಹಿನ್ನೀರು ಇಳಿದ ಮೇಲೆ ದೋಣಿಯ ಮೋಟಾರನ್ನು ಎತ್ತಿಡುವ ಕ್ರಮ

ದೋಣಿಯ ಹಿಂಬದಿಗೆ ಹೊರಗಿನಿಂದ ಬಿಗಿಯುವ ಔಟ್‌ಬೋರ್ಡ್ ಮೋಟಾರಿನ ಕೈಪಿಡಿಗಳಲ್ಲಿ ಚಳಿಗಾಲಕ್ಕೆ ಮೋಟಾರನ್ನು ಎತ್ತಿಡುವ ಬಗ್ಗೆ ಒಂದು ಅಧ್ಯಾಯ ಸಾಮಾನ್ಯವಾಗಿ ಇರುತ್ತದೆ. ನದಿ, ಸರೋವರಗಳು ಹೆಪ್ಪುಗಟ್ಟುವ ದೇಶಗಳಲ್ಲಿ ಮೋಟಾರಿನೊಳಗೆ ಉಳಿದ ನೀರು ಮಂಜುಗಡ್ಡೆಯಾಗಿ ಹಿಗ್ಗಿ ಲೋಹವನ್ನೇ ಸೀಳಿಬಿಡುವುದರಿಂದ ಅಲ್ಲಿ ಅದಕ್ಕೆ ಅಷ್ಟು ಮಹತ್ವ. ಕೊಪ್ಪಳ ಜಿಲ್ಲೆಯ ತುಂಗಭದ್ರಾ ಹಿನ್ನೀರಿನಲ್ಲಿ ದೋಣಿ ನಡೆಸುವ ನಮಗೆ ಆ ಭಯವಿಲ್ಲ. ಆದರೆ ಮೋಟಾರು ಸುಮ್ಮನೆ ಕೂರುವ ಕಾಲ ನಮಗೂ ಉಂಟು, ಅದು ಬೇಸಿಗೆ. ಏಪ್ರಿಲ್ ಹೊತ್ತಿಗೆ ನೀರು ಬಹುದೂರ ಹಿಂದೆ ಸರಿದು ದೋಣಿಯನ್ನು ದಂಡೆಗೆ ಎಳೆದರೆ, ಕಾರಹುಣ್ಣಿಮೆ ಕಳೆದು ಮಲೆನಾಡಿನ ಮಳೆನೀರು ಬರುವವರೆಗೆ ಅದಕ್ಕೆ ಕೆಲಸವಿಲ್ಲ. ಈ ಮೂರು ತಿಂಗಳಲ್ಲಿ ಮೋಟಾರನ್ನು ಮುಖ್ಯವಾಗಿ ಕೆಡಿಸುವುದು ಒಳಗೆ ಉಳಿದ ಹೂಳು ಮತ್ತು ಪೆಟ್ರೋಲು. ಎರಡನ್ನೂ ದೋಣಿ ಮೇಲೆ ಬಂದ ದಿನವೇ ತೆಗೆಯುವುದು ಒಳ್ಳೆಯದು.

ಮೊದಲು ಹೂಳಿನ ವಿಚಾರ. ಸುಮಾರು 133 ಟಿಎಂಸಿ ಇದ್ದ ಈ ಜಲಾಶಯದ ಸಾಮರ್ಥ್ಯ ಹೂಳು ತುಂಬಿ ಈಗ 105 ಟಿಎಂಸಿ ಆಸುಪಾಸಿಗೆ ಇಳಿದಿದೆ. ನೀರು ಕಡಿಮೆಯಾದ ಕೊನೆಯ ವಾರಗಳಲ್ಲಿ ಮೋಟಾರು ಹೀರುವುದು ಅದೇ ಹೂಳು ಬೆರೆತ ನೀರನ್ನು. ಆದ್ದರಿಂದ ಪ್ರೊಪೆಲ್ಲರನ್ನು ಬಿಚ್ಚಿಟ್ಟು, ಮೋಟಾರನ್ನು ಗಟ್ಟಿಯಾದ ಸ್ಟ್ಯಾಂಡಿಗೆ ಬಿಗಿದು, ನೀರು ಹೀರುವ ಜಾಲರಿ ಪೂರ್ತಿ ಮುಳುಗುವಂತೆ ಅದರ ಕೆಳಭಾಗವನ್ನು ಶುದ್ಧ ನೀರಿನ ಡ್ರಮ್ಮಿನಲ್ಲಿ ಇಳಿಸಿ, ನ್ಯೂಟ್ರಲ್‌ನಲ್ಲಿ ನಿಧಾನಗತಿಯಲ್ಲಿ ಹತ್ತು ನಿಮಿಷ ಓಡಿಸಬೇಕು. ಕೆಲಸ ಬಯಲಿನಲ್ಲೇ ನಡೆಯಲಿ, ಹೊಗೆ ಕೋಣೆಯಲ್ಲಿ ತುಂಬಬಾರದು. ಡ್ರಮ್ಮಿನ ನೀರು ಕದಡಿದರೆ ಬದಲಿಸಿ ಇನ್ನೊಮ್ಮೆ ಓಡಿಸಿ. ಇಲ್ಲವಾದರೆ ಹೊರಬಿದ್ದ ರಾಡಿಯೇ ಮತ್ತೆ ಒಳಗೆ ಹೋಗುತ್ತದೆ. ನೀರಿಲ್ಲದೆ ಒಂದು ಕ್ಷಣವೂ ಚಾಲೂ ಮಾಡಬಾರದು, ಏಕೆಂದರೆ ನೀರೆತ್ತುವ ರಬ್ಬರಿನ ಇಂಪೆಲ್ಲರ್ ಒಣಗಿ ತಿರುಗಿದರೆ ಬಹುಬೇಗ ಸುಟ್ಟುಹೋಗುತ್ತದೆ. ಹಿಂಬದಿಯ ಸಣ್ಣ ತೂತಿನಿಂದ ನೀರು ಜೋರಾಗಿ ಚಿಮ್ಮುತ್ತಿದ್ದರೆ ಸರಿ. ಸಣ್ಣಗೆ ತೊಟ್ಟಿಕ್ಕಿದರೆ ಇಂಪೆಲ್ಲರಿನ ರೆಕ್ಕೆಗಳು ಸವೆದಿವೆ ಅಥವಾ ದಾರಿಯಲ್ಲಿ ಎಲ್ಲೋ ಕಟ್ಟಿದೆ ಎಂದು ತಿಳಿಯಬೇಕು.

ಈಗ ಬಂಕಿನಲ್ಲಿ ಸಿಗುವ ಪೆಟ್ರೋಲಿನಲ್ಲಿ ಶೇ. 20ರವರೆಗೆ ಎಥೆನಾಲ್ ಇರುತ್ತದೆ. ಅದು ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ. ಕಾರ್ಬೊರೇಟರಿನಲ್ಲಿ ಉಳಿದ ಪೆಟ್ರೋಲು ನಮ್ಮ ಮೇ ತಿಂಗಳ ಬಿಸಿಲಿಗೆ ಆರಿ, ಪೆಟ್ರೋಲು ಹಾಯುವ ಜೆಟ್‌ನ ಸೂಜಿಯಂಥ ರಂಧ್ರದಲ್ಲಿ ಅಂಟಾಗಿ ಕೂರುತ್ತದೆ. ಟ್ಯಾಂಕಿನಲ್ಲಿ ಪೆಟ್ರೋಲು ಬೇಗ ಕೆಡದಂತೆ ತಡೆಯುವ ಸ್ಟೆಬಿಲೈಜರ್ ಹಾಕಿಡುವುದೂ ಒಂದು ದಾರಿಯೇ. ಕಾರ್ಬೊರೇಟರ್ ಇರುವ ಚಿಕ್ಕ ಮೋಟಾರಿಗಾದರೆ ಪೂರ್ತಿ ಖಾಲಿ ಮಾಡುವುದೇ ಮೇಲು ಎಂಬುದು ನನ್ನ ಅಭಿಪ್ರಾಯ. ಮೋಟಾರು ಡ್ರಮ್ಮಿನಲ್ಲಿ ಓಡುತ್ತಿರುವಾಗಲೇ ಪೆಟ್ರೋಲಿನ ಪೈಪ್ ಕಳಚಿ, ಅದು ಉಸಿರು ಕಟ್ಟಿದಂತೆ ಸದ್ದು ಬದಲಿಸಿದ ಕೂಡಲೇ ಕಾರ್ಬೊರೇಟರಿನ ಬಾಯಿಗೆ ಫಾಗಿಂಗ್ ಆಯಿಲ್ (ಒಳಭಾಗಕ್ಕೆ ತುಕ್ಕು ಹಿಡಿಯದಂತೆ ಕಾಯುವ ಎಣ್ಣೆ) ಸಿಂಪಡಿಸಿದರೆ, ದಟ್ಟ ಹೊಗೆ ಬಿಟ್ಟು ನಿಲ್ಲುತ್ತದೆ. ಆಮೇಲೆ ಕಾರ್ಬೊರೇಟರಿನ ತಳದ ಸ್ಕ್ರೂ ಸಡಿಲಿಸಿ ಉಳಿದದ್ದನ್ನು ಇಳಿಸಿಕೊಳ್ಳಿ. ಇಂಜೆಕ್ಷನ್ ಮಾದರಿಗಳಿಗೆ ಈ ವಿಧಾನ ಸಲ್ಲದು. ಅವಕ್ಕೆ ಕೈಪಿಡಿಯೇ ಪ್ರಮಾಣ. 50:1ರಂತೆ ಎಣ್ಣೆ ಬೆರೆಸಿದ ಪೆಟ್ರೋಲು ಉಳಿದಿದ್ದರೆ, ಪ್ರಮಾಣ ಹೊಂದುವುದಾದಲ್ಲಿ ಗದ್ದೆಗೆ ಔಷಧಿ ಹೊಡೆಯುವ ಟೂ-ಸ್ಟ್ರೋಕ್ ಪಂಪಿಗೆ ಬಳಸಬಹುದು. ಇನ್ನು ಪ್ಲಗ್ ಬಿಚ್ಚಿ, ಸಿಲಿಂಡರಿಗೂ ಸ್ವಲ್ಪ ಫಾಗಿಂಗ್ ಆಯಿಲ್ ಬಿಟ್ಟು, ಹಗ್ಗವನ್ನು ನಾಲ್ಕೈದು ಸಲ ಮೆಲ್ಲಗೆ ಎಳೆದು ಪ್ಲಗ್ ಮತ್ತೆ ಕೂರಿಸಿ. ಫೋರ್-ಸ್ಟ್ರೋಕ್ ಆದರೆ ಇಂಜಿನ್ ಆಯಿಲನ್ನೂ ಈಗಲೇ ಬದಲಿಸಿ.

ಗೇರ್ ಆಯಿಲ್ ಇಳಿಸುವಾಗ ಮೊದಲು ಕೆಳಗಿನ, ಆಮೇಲೆ ಮೇಲಿನ ಸ್ಕ್ರೂ ಬಿಚ್ಚಬೇಕು. ಹೊರಬಂದ ಎಣ್ಣೆ ಹಾಲು ಹೆಚ್ಚಾದ ಚಹಾದ ಬಣ್ಣಕ್ಕಿದ್ದರೆ ಒಳಗೆ ನೀರು ಸೇರಿದೆ, ನೀರು ತಡೆಯುವ ಸೀಲ್ ಹೋಗಿದೆ. ಒಮ್ಮೆ ನನ್ನ ಮೋಟಾರಿನಲ್ಲಿ ಹೀಗಾದಾಗ ಕಾರಣ ಪ್ರೊಪೆಲ್ಲರಿನ ಹಿಂದೆಯೇ ಸಿಕ್ಕಿತು. ಯಾವುದೋ ಹರಿದ ಬಲೆಯ ನೈಲಾನ್ ದಾರ ಶಾಫ್ಟಿಗೆ ಬಳೆಯಂತೆ ಸುತ್ತಿಕೊಂಡು, ಬಿಸಿಗೆ ಕರಗಿ ಗಟ್ಟಿಯಾಗಿ, ಸೀಲಿನ ಅಂಚನ್ನು ಕೊರೆದಿತ್ತು. ಅಂದಿನಿಂದ ನಾನು ಪ್ರೊಪೆಲ್ಲರ್ ಬಿಚ್ಚದೆ ಮೋಟಾರನ್ನು ಎತ್ತಿಟ್ಟಿಲ್ಲ. ಹೊಸ ಎಣ್ಣೆಯನ್ನು ಕೆಳಗಿನ ರಂಧ್ರದಿಂದ ಒತ್ತಿ, ಮೇಲಿನಿಂದ ಗುಳ್ಳೆಯಿಲ್ಲದೆ ಉಕ್ಕಿದಾಗ ಮೊದಲು ಮೇಲಿನದನ್ನು, ನಂತರ ಕೆಳಗಿನದನ್ನು ಹೊಸ ವಾಷರ್ ಹಾಕಿ ಮುಚ್ಚಬೇಕು. ಶಾಫ್ಟಿಗೆ ಗ್ರೀಸ್ ಸವರಿಯೇ ಪ್ರೊಪೆಲ್ಲರ್ ಏರಿಸಿ.

ಮೋಟಾರನ್ನು ನೆಟ್ಟಗೆ ನಿಲ್ಲಿಸಿಡುವುದು ಉತ್ತಮ. ಒಳಗಿನ ನೀರು ತಾನಾಗಿ ಇಳಿದುಹೋಗುತ್ತದೆ. ಫೋರ್-ಸ್ಟ್ರೋಕ್ ಮೋಟಾರನ್ನು ಮಲಗಿಸಲೇಬೇಕಾದರೆ ಕೈಪಿಡಿ ಹೇಳಿದ ಮಗ್ಗುಲಿಗೆ ಮಾತ್ರ ಮಲಗಿಸಿ. ಜಾಗ ನೆರಳಿನದಾಗಿರಲಿ, ಹೊದಿಕೆ ಪ್ಲಾಸ್ಟಿಕ್ ಬೇಡ, ಹಳೆಯ ಹತ್ತಿ ಬಟ್ಟೆ ಸಾಕು. ಬ್ಯಾಟರಿ ಇದ್ದರೆ ಬೇರ್ಪಡಿಸಿ ತಿಂಗಳಿಗೊಮ್ಮೆ ಚಾರ್ಜ್ ಮಾಡಿ. ನೀರು ಚಿಮ್ಮುವ ತೂತಿಗೆ ಚೂರು ಬಟ್ಟೆ ತುರುಕಿ, ತುದಿ ಹೊರಗೆ ಕಾಣುವಂತೆ ಬಿಡಿ. ಇಲ್ಲವಾದರೆ ಮಣ್ಣಿನ ಗೂಡು ಕಟ್ಟುವ ಕಡಜ ಅಲ್ಲಿ ಸಂಸಾರ ಹೂಡುತ್ತದೆ. ವೈರುಗಳನ್ನು ಇಲಿ ಕಡಿಯದಂತೆ ಆಗಾಗ ಮುಚ್ಚಳ ತೆಗೆದು ನೋಡುತ್ತಿರಬೇಕು.

ಜುಲೈಯಲ್ಲಿ ಬಟ್ಟೆ ತೆಗೆದು, ಹೊಸ ಪೆಟ್ರೋಲು ಹಾಕಿ, ದೋಣಿಗೆ ಏರಿಸುವ ಮೊದಲು ಪ್ರೊಪೆಲ್ಲರ್ ಕಳಚಿ ಡ್ರಮ್ಮಿನಲ್ಲಿಯೇ ಒಮ್ಮೆ ಚಾಲೂ ಮಾಡಿ ನೋಡಿ. ಮೊದಲ ಒಂದೆರಡು ನಿಮಿಷ ಬರುವ ನೀಲಿ ಹೊಗೆ ಫಾಗಿಂಗ್ ಆಯಿಲ್ ಉರಿಯುವುದರಿಂದ ಬರುವಂಥದ್ದು. ಅದಕ್ಕೆ ಮೆಕ್ಯಾನಿಕ್‌ನನ್ನು ಕರೆಸುವ ಅಗತ್ಯವಿಲ್ಲ.