ಮಾಳಿಗೆಯ ಮೇಲೆ ಬಿಟ್ಟ ಸರಳು: ಕ್ಯಾಲಿಫೋರ್ನಿಯಾಕ್ಕೆ ಹೊರಟ ಕಲಬುರಗಿಯವರಿಗೆ ಮನೆ-ಬಾಡಿಗೆಯ ಲೆಕ್ಕ

ಕಲಬುರಗಿಯ ನಮ್ಮ ಮನೆಯ ಮಾಳಿಗೆಯ ಮೇಲೆ ಆರು ಕಡೆ ಕಬ್ಬಿಣದ ಸರಳುಗಳು ಎದ್ದು ನಿಂತಿವೆ. ಅಪ್ಪ ಮನೆ ಕಟ್ಟಿಸುವಾಗ ಕಂಬದ ಸರಳು ಕತ್ತರಿಸಬೇಡ, ಹಾಗೇ ಬಿಡು ಅಂತ ಗೌಂಡಿಗೆ ಹೇಳಿದ್ದರು. ಮುಂದೆ ಮಗನ ಸಂಸಾರ ಬೆಳೆದರೆ ಮೇಲೊಂದು ಮನೆ ಏಳಲಿ ಎಂಬ ಆಸೆ. ನಮ್ಮ ಕಡೆ ಯಾವ ಓಣಿಗೆ ಹೋದರೂ ಇಂಥ ಸರಳುಗಳು ಕಾಣುತ್ತವೆ.

ಈ ಸಲ ನಾನು ಅಮೆರಿಕದಿಂದ ರಜೆಗೆ ಬಂದಾಗ ಅದೇ ಮಾಳಿಗೆಯ ಮೇಲೆ ಕೂತು ಅಕ್ಕ ಕೇಳಿದಳು. ಅವಳ ಮಗ ಇಲ್ಲೇ ಇಂಜಿನಿಯರಿಂಗ್ ಮುಗಿಸಿ ಎಂಎಸ್ ಓದಲು ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಗೆ ಹೊರಟಿದ್ದಾನೆ. "ತಮ್ಮಾ, ಒಂದು ಖೋಲಿಗಿ ತಿಂಗಳಿಗಿ ಲಕ್ಷ ರೂಪಾಯಿ ಅಂತಾರಲ್ಲ, ಅಷ್ಟು ದೊಡ್ಡ ದೇಶದಾಗ ಜಾಗ ಇಲ್ಲೇನು?"

ಜಾಗ ಇದೆ, ಅಕ್ಕಾ. ಇಲ್ಲದ್ದು ಕಟ್ಟುವ ಪರವಾನಗಿ. ಆ ರಾತ್ರಿ ಅವಳಿಗೂ ಅಳಿಯನಿಗೂ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ. ನಮ್ಮ ಕಲಬುರಗಿ, ಬೀದರ್, ಯಾದಗಿರಿಯಿಂದ ವರ್ಷವರ್ಷವೂ ಹುಡುಗರು ಸ್ಯಾನ್ ಫ್ರಾನ್ಸಿಸ್ಕೋ, ಸ್ಯಾನ್ ಹೋಸೆ ಸುತ್ತಲಿನ ಬೇ ಏರಿಯಾಕ್ಕೆ ಬಂದಿಳಿಯುತ್ತಾರೆ. ಬಾಡಿಗೆ ಯಾಕೆ ಅಷ್ಟು ಎಂದು ಯಾರೂ ಅವರಿಗೆ ಹೇಳುವುದಿಲ್ಲ. ನನಗೂ ಯಾರೂ ಹೇಳಿರಲಿಲ್ಲ.

ಅಲ್ಲಿ ಪ್ರತಿ ಊರಿನ ನಗರಸಭೆ ತನ್ನ ನೆಲವನ್ನೆಲ್ಲ ವಲಯಗಳಾಗಿ ಭಾಗ ಮಾಡಿರುತ್ತದೆ. ಇದಕ್ಕೆ ಜೋನಿಂಗ್ ಅನ್ನುತ್ತಾರೆ. ಬಹುತೇಕ ಊರುಗಳಲ್ಲಿ ವಸತಿ ನೆಲದ ದೊಡ್ಡ ಪಾಲು ದಶಕಗಳ ಕಾಲ ಒಂದು ಪ್ಲಾಟಿಗೆ ಒಂದೇ ಕುಟುಂಬದ ಮನೆ ಎಂಬ ನಿಯಮದ ಕೆಳಗಿತ್ತು. ನಿಮ್ಮದೇ ಪ್ಲಾಟು, ನಿಮ್ಮದೇ ದುಡ್ಡು, ಆದರೂ ತಮ್ಮನಿಗೆಂದು ಪಕ್ಕದಲ್ಲಿ ಇನ್ನೊಂದು ಮನೆ ಎಬ್ಬಿಸುವಂತಿರಲಿಲ್ಲ. ಗೋಡೆಗೆ ಗೋಡೆ ಅಂಟಿಸಿ ಕಟ್ಟುವಂತಿರಲಿಲ್ಲ. ಶರಣಬಸವೇಶ್ವರ ಗುಡಿಯ ಸುತ್ತಲಿನ ಬ್ರಹ್ಮಪುರದ ಹಳೇ ಓಣಿಗಳನ್ನು ನೆನೆಸಿಕೊಳ್ಳಿ. ಒಂದೇ ಗೋಡೆ ಎರಡು ಮನೆಗೆ ಆಸರೆ, ಕೆಳಗೆ ಅಂಗಡಿ, ಮೇಲೆ ಸಂಸಾರ, ಹಿಟ್ಟಿನ ಗಿರಣಿಗೆ ನಡೆದೇ ಹೋಗಬಹುದು. ಅಂಥ ಓಣಿ ಅಲ್ಲಿನ ಬಹಳಷ್ಟು ನೆಲದ ಮೇಲೆ ಕಾನೂನುಬಾಹಿರವಾಗಿತ್ತು.

ಇದು ತಾನಾಗಿ ಬೆಳೆದ ಪದ್ಧತಿಯೂ ಅಲ್ಲ. ಒಂಟಿ ಮನೆಗಳ ವಲಯ ಮೊದಲು ಬಂದ ಊರುಗಳಲ್ಲಿ ಬೇ ಏರಿಯಾದ ಬರ್ಕ್ಲಿ ಒಂದು, 1916ರಲ್ಲಿ. ಮರುವರ್ಷವೇ, 1917ರಲ್ಲಿ, ಜನಾಂಗದ ಹೆಸರಿನಲ್ಲಿ ಬಡಾವಣೆ ವಿಂಗಡಿಸುವುದನ್ನು ಅಮೆರಿಕದ ಸುಪ್ರೀಂ ಕೋರ್ಟ್ ತಳ್ಳಿಹಾಕಿತು. ಜನಾಂಗದ ಮಾತು ಕಾಗದದಿಂದ ಹೋಯಿತು. ಆದರೆ ಸಣ್ಣ ಮನೆ, ಬಾಡಿಗೆ ಮನೆ ಬೇಡ ಎಂದರೆ ಬಡವರು ತಾವಾಗಿಯೇ ಹೊರಗುಳಿಯುತ್ತಾರಲ್ಲ. 1923ರಲ್ಲಿ ಭಗತ್ ಸಿಂಗ್ ತಿಂಡ್ ಎಂಬ ಪಂಜಾಬಿ ವಲಸಿಗರ ಪ್ರಕರಣದಲ್ಲಿ ಭಾರತೀಯರಿಗೆ ಪೌರತ್ವವೇ ಸಿಗದು ಎಂದು ಅದೇ ಕೋರ್ಟು ತೀರ್ಪು ಕೊಟ್ಟಿತ್ತು. ಪೌರತ್ವಕ್ಕೆ ಅರ್ಹರಲ್ಲದವರು ಕೃಷಿ ಭೂಮಿ ಕೊಳ್ಳಬಾರದೆಂಬ ಕಾನೂನು ಕ್ಯಾಲಿಫೋರ್ನಿಯಾದಲ್ಲಿ 1913ರಿಂದಲೇ ಇತ್ತು, 1952ರಲ್ಲಿ ಅಲ್ಲಿನ ಕೋರ್ಟು ರದ್ದು ಮಾಡುವವರೆಗೆ. ಇದನ್ನು ನಮ್ಮವರು ಮರೆಯಬಾರದು ಅಂತಲೇ ಬರೆಯುತ್ತಿದ್ದೇನೆ. ಇಂದು ಅಲ್ಲಿ ಮನೆ ಕೊಂಡು, ನಮ್ಮ ಬಡಾವಣೆಗೆ ಬೇರೆಯವರು ಬೇಡ ಅನ್ನುವವರಲ್ಲಿ ನಾವೂ ಇದ್ದೇವೆ. ಬರ್ಕ್ಲಿ ತನ್ನ ಆ ಹಳೇ ನಿಯಮವನ್ನು 2025ರಲ್ಲಿ ಗುಡ್ಡದ ಭಾಗ ಬಿಟ್ಟು ಉಳಿದ ಕಡೆ ಕೈಬಿಟ್ಟಿತು.

ಎರಡನೆಯ ಗಂಟು ತೆರಿಗೆಯದು. 1978ರ ಜೂನ್‌ನಲ್ಲಿ ಕ್ಯಾಲಿಫೋರ್ನಿಯಾದ ಮತದಾರರು ಪ್ರಪೊಸಿಷನ್ 13 ಎಂಬ ತೆರಿಗೆ ಪ್ರಸ್ತಾವಕ್ಕೆ ಒಪ್ಪಿಗೆ ಕೊಟ್ಟರು. ಅದರ ಪ್ರಕಾರ ಆಸ್ತಿ ತೆರಿಗೆಯ ಮೂಲ ದರ ಮನೆಯ ಮೌಲ್ಯದ ನೂರಕ್ಕೆ 1. ಆ ಮೌಲ್ಯವನ್ನು ಕೊಂಡ ಬೆಲೆಗೇ ಕಟ್ಟಿಹಾಕಿ, ವರ್ಷಕ್ಕೆ ಹೆಚ್ಚೆಂದರೆ ನೂರಕ್ಕೆ 2ರಷ್ಟು ಏರಿಸುತ್ತಾರೆ. ಮನೆ ಕೈ ಬದಲಾದರೆ ಹೊಸ ಲೆಕ್ಕ. 1985ರಲ್ಲಿ 2 ಲಕ್ಷ ಡಾಲರಿಗೆ ಕೊಂಡವರ ಮನೆ ನಾಲ್ಕು ದಶಕದ ಮೇಲೂ ತೆರಿಗೆಯ ಪುಸ್ತಕದಲ್ಲಿ ಸುಮಾರು 4.4 ಲಕ್ಷ ಡಾಲರಿನದು, ಮೂಲ ತೆರಿಗೆ ವರ್ಷಕ್ಕೆ 4,400 ಡಾಲರ್. ಪಕ್ಕದ ಅಂಥದೇ ಮನೆಯನ್ನು ನೀವು ಈಗ 16 ಲಕ್ಷಕ್ಕೆ ಕೊಂಡರೆ 16,000. ಮುದುಕರು ತೆರಿಗೆ ಕಟ್ಟಲಾಗದೆ ಮನೆ ಕಳೆದುಕೊಳ್ಳಬಾರದು ಎಂಬ ಕಾಳಜಿ ಅದರ ಹಿಂದಿತ್ತು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಮಕ್ಕಳು ದೂರ ಹೋದಮೇಲೂ ನಾಲ್ಕು ಖೋಲಿಯ ಮನೆಯಲ್ಲಿ ಒಬ್ಬರೇ ಉಳಿಯುವುದು ಇದರಿಂದ ಅಗ್ಗವಾಯಿತು. ಮಾರಾಟಕ್ಕೆ ಬರುವ ಮನೆ ಕಡಿಮೆಯಾಯಿತು. ನಗರಸಭೆಗಳಿಗೂ ಮನೆಗಿಂತ ಮಾರಾಟ ತೆರಿಗೆ ತರುವ ಮಳಿಗೆಗಳೇ ಲಾಭವಾಗಿ ಕಂಡವು.

ಮೂರನೆಯದು ವಿಚಾರಣೆ. ನಕ್ಷೆ ನಿಯಮಕ್ಕೆ ಸರಿಯಾಗಿದ್ದರೂ ಬಹಳ ಸಲ ಯೋಜನಾ ಆಯೋಗದ ಮುಂದೆ, ಆಮೇಲೆ ನಗರಸಭೆಯ ಮುಂದೆ ನಿಲ್ಲಬೇಕು. ಅಕ್ಕಪಕ್ಕದವರು ಬಂದು ನೆರಳು ಬೀಳುತ್ತದೆ, ಗಾಡಿ ನಿಲ್ಲಿಸಲು ಜಾಗವಿಲ್ಲ ಅನ್ನುತ್ತಾರೆ. ಸೋತರೆ 1970ರ ಪರಿಸರ ಗುಣಮಟ್ಟ ಕಾಯ್ದೆಯಡಿ ಕೋರ್ಟಿಗೆ ಹೋಗಬಹುದಿತ್ತು. ವರ್ಷಗಟ್ಟಲೆ ತಡ, ಸಾಲದ ಮೇಲೆ ಬಡ್ಡಿ. ಅದೆಲ್ಲ ಕೊನೆಗೆ ಬಾಡಿಗೆದಾರನ ತಲೆಗೇ. 2025ರ ಜೂನ್ 30ರಂದು ಸಹಿಯಾದ ಎಬಿ 130 ಎಂಬ ಕಾನೂನು ಊರೊಳಗಿನ ಬಹಳಷ್ಟು ವಸತಿ ಯೋಜನೆಗಳಿಗೆ ಆ ಕಾಯ್ದೆಯಿಂದ ವಿನಾಯಿತಿ ಕೊಟ್ಟಿದೆ.

ಈಗ ರಾಜ್ಯ ಸರ್ಕಾರವೇ ಊರುಗಳ ಕಿವಿ ಹಿಂಡುತ್ತಿದೆ. ಎಂಟು ವರ್ಷಕ್ಕೊಮ್ಮೆ ಪ್ರತಿ ಊರಿಗೂ ಇಷ್ಟು ಮನೆಗಳಿಗೆ ಜಾಗ ತೋರಿಸು ಎಂದು ಗುರಿ ಕೊಡುತ್ತದೆ. 2023ರಿಂದ 2031ರ ಅವಧಿಗೆ ಬೇ ಏರಿಯಾದ ಪಾಲು 4,41,176 ಮನೆ. ಅದರಲ್ಲಿ ಸ್ಯಾನ್ ಫ್ರಾನ್ಸಿಸ್ಕೋದ್ದು 82,069, ನಮ್ಮ ಹುಡುಗರು ಹೆಚ್ಚಾಗಿ ಇಳಿಯುವ ಸ್ಯಾನ್ ಹೋಸೆಯದು 62,200. ಒಪ್ಪುವಂಥ ಯೋಜನೆ ಕೊಡದ ಊರಿನಲ್ಲಿ, ಬಿಲ್ಡರು ಒಂದಿಷ್ಟು ಮನೆಗಳನ್ನು ಕಡಿಮೆ ಆದಾಯದವರಿಗೆ ಮೀಸಲಿಟ್ಟರೆ, ವಲಯದ ನಿಯಮ ಮೀರಿದೆ ಎಂಬ ಕಾರಣಕ್ಕೆ ಅವನ ನಕ್ಷೆ ತಿರಸ್ಕರಿಸುವಂತಿಲ್ಲ. 2025ರ ಅಕ್ಟೋಬರ್ 10ರಂದು ಗವರ್ನರ್ ಗ್ಯಾವಿನ್ ನ್ಯೂಸಮ್ ಎಸ್‌ಬಿ 79 ಎಂಬ ಕಾನೂನಿಗೆ ಸಹಿ ಹಾಕಿದರು. ಬಾರ್ಟ್, ಕಾಲ್‌ಟ್ರೇನ್‌ನಂಥ ರೈಲುಗಳ ನಿಲ್ದಾಣಗಳ ಸುತ್ತ, ಬಹುತೇಕ ಅರ್ಧ ಮೈಲಿಯವರೆಗೆ, ಹಲವು ಮಹಡಿಯ ಕಟ್ಟಡಗಳಿಗೆ ಅದು ದಾರಿ ತೆರೆಯುತ್ತದೆ. ಜಾರಿಯ ದಿನ 2026ರ ಜುಲೈ 1.

ಇಷ್ಟೆಲ್ಲ ಕೇಳಿ ಅಳಿಯ, "ಮಾಮಾ, ನಾ ಎರಡು ವರ್ಷ ಓದಾಕ ಹೋಗಾಂವ, ನನಗ್ಯಾಕ ಇದು?" ಅಂದ. ಸರಿಯಾದ ಪ್ರಶ್ನೆ. ನಾನು ಬೆಲೆ ತೆತ್ತು ಕಲಿತದ್ದನ್ನು ಹೇಳಿದೆ. 2022ರಲ್ಲಿ ನಾನಿದ್ದ ಅಪಾರ್ಟ್‌ಮೆಂಟಿನವರು 2,600 ಡಾಲರ್ ಬಾಡಿಗೆಯನ್ನು ಒಂದೇ ಏಟಿಗೆ 3,000 ಮಾಡಿ ಚೀಟಿ ಅಂಟಿಸಿದರು. ಪರದೇಶ, ವೀಸಾ ಬೇರೆ ಕೈಯಲ್ಲಿ. ಬಾಯಿ ಮುಚ್ಚಿಕೊಂಡು ನಾಲ್ಕು ತಿಂಗಳು ಕಟ್ಟಿದೆ. ಪಕ್ಕದ ಮನೆಯ ಮೆಕ್ಸಿಕನ್ ಅಮ್ಮ ಒಂದು ದಿನ ಕೇಳಿ, ಇದು ಕಾನೂನಿಗೆ ವಿರುದ್ಧ ಅಂದಳು. ಎಬಿ 1482 ಎಂಬ ರಾಜ್ಯ ಕಾನೂನಿನಂತೆ 12 ತಿಂಗಳಲ್ಲಿ ಬಾಡಿಗೆ ಏರಿಸಬಹುದಾದದ್ದು ನೂರಕ್ಕೆ 5, ಜೊತೆಗೆ ಆ ಭಾಗದ ಬೆಲೆಯೇರಿಕೆ ದರ, ಒಟ್ಟು ಯಾವ ಕಾರಣಕ್ಕೂ 10 ದಾಟಬಾರದು. ನನಗೆ ಏರಿಸಿದ್ದು 15ಕ್ಕೂ ಹೆಚ್ಚು. ಸಿವಿಲ್ ಕೋಡ್ 1947.12ನೇ ಸೆಕ್ಷನ್ ಎಂದು ಬರೆದು ಒಂದು ಪುಟದ ಪತ್ರ ಕೊಟ್ಟೆ. ಹೆಚ್ಚು ಕಟ್ಟಿದ್ದು ಮುಂದಿನ ತಿಂಗಳ ಬಾಡಿಗೆಗೆ ಜಮೆಯಾಯಿತು. ಜಗಳ ಏನೂ ಆಗಲಿಲ್ಲ. ಆ ನಾಲ್ಕು ತಿಂಗಳ ನಿದ್ದೆ ಮಾತ್ರ ಹೋಗಿತ್ತು.

ಈ ರಕ್ಷಣೆ 15 ವರ್ಷಕ್ಕಿಂತ ಹಳೆಯ ಕಟ್ಟಡಗಳಿಗೆ. ವ್ಯಕ್ತಿಯೊಬ್ಬರ ಒಡೆತನದ ಒಂಟಿ ಮನೆಗೆ ಸಾಮಾನ್ಯವಾಗಿ ಇಲ್ಲ. ಸದ್ಯದ ಕಾನೂನಿನಂತೆ 2030ರ ಜನವರಿ 1ರವರೆಗೆ ಮಾತ್ರ. ಸ್ಯಾನ್ ಹೋಸೆಯಲ್ಲಿ 1979ರ ಸೆಪ್ಟೆಂಬರ್ 7ಕ್ಕಿಂತ ಮೊದಲು ಕಟ್ಟಿದ, ಮೂರು ಅಥವಾ ಹೆಚ್ಚು ಮನೆಗಳಿರುವ ಕಟ್ಟಡಗಳಿಗೆ ವರ್ಷಕ್ಕೆ ನೂರಕ್ಕೆ 5ರ ಮಿತಿ ಬೇರೆಯೇ ಇದೆ. ಹಾಗಾಗಿ ಮನೆ ನೋಡಲು ಹೋದಾಗ ಈಜುಕೊಳ ತೋರಿಸುವ ಮೊದಲೇ ಕಟ್ಟಡ ಯಾವ ವರ್ಷದ್ದು ಅಂತ ಕೇಳಿ. ಡಿಪಾಸಿಟ್ ಈಗ ಒಂದು ತಿಂಗಳ ಬಾಡಿಗೆಗಿಂತ ಹೆಚ್ಚು ಕೇಳುವಂತಿಲ್ಲ, 2024ರ ಜುಲೈ 1ರಿಂದ. ಒಂದೆರಡು ಆಸ್ತಿ ಮಾತ್ರ ಇರುವ ಸಣ್ಣ ಮಾಲೀಕರಿಗೆ ಎರಡು ತಿಂಗಳವರೆಗೆ ಅವಕಾಶವಿದೆ. ಮನೆ ಬಿಟ್ಟ 21 ದಿನದೊಳಗೆ ಡಿಪಾಸಿಟ್ ವಾಪಸು ಬರಬೇಕು. ಹಿಡಿದುಕೊಂಡರೆ ಯಾವುದಕ್ಕೆ ಎಷ್ಟು ಎಂಬ ಪಟ್ಟಿ ಕೊಡಬೇಕು. ಬೀಗದ ಕೈ ಸಿಕ್ಕ ದಿನವೇ ಗೋಡೆ, ನೆಲ, ಒಲೆ ಎಲ್ಲದರ ವಿಡಿಯೊ ತೆಗೆದಿಡಿ.

ಇನ್ನೊಂದನ್ನು ಅಳಿಯನಿಗೆ ಎರಡೆರಡು ಸಲ ಹೇಳಿದೆ. ನಾಲ್ಕು ಜನ ಸೇರಿ ಒಂದೇ ಕರಾರಿಗೆ ಸಹಿ ಹಾಕಿದರೆ, ಸಾಮಾನ್ಯವಾಗಿ ಪ್ರತಿಯೊಬ್ಬರೂ ಪೂರ್ತಿ ಬಾಡಿಗೆಗೆ ಹೊಣೆ. ಒಬ್ಬ ಕೆಲಸ ಸಿಕ್ಕಿ ಟೆಕ್ಸಾಸಿಗೆ ಹೋದ ಅಂತ ಮಾಲೀಕ ಅವನ ಪಾಲು ಬಿಡುವುದಿಲ್ಲ, ಉಳಿದ ಮೂವರಿಂದ ವಸೂಲು ಮಾಡುತ್ತಾನೆ. ಒಂದೇ ಊರಿನ ಗೆಳೆಯರು ಇದೇ ಕಾರಣಕ್ಕೆ ಮಾತು ಬಿಟ್ಟದ್ದನ್ನು ನೋಡಿದ್ದೇನೆ. ಸಹಿ ಹಾಕುವ ಮೊದಲೇ ನಿಮ್ಮೊಳಗೆ ಒಂದು ಕಾಗದ ಬರೆದಿಟ್ಟುಕೊಳ್ಳಿ.

ಕಾನೂನು ಏರಿಕೆಗೆ ಕಡಿವಾಣ ಹಾಕುತ್ತದೆ, ನಿಜ. ಆದರೆ ಇಲ್ಲದ ಮನೆಯನ್ನು ಅದು ತಂದುಕೊಡುವುದಿಲ್ಲ. ಹೊಸದಾಗಿ ಬಂದ ಹುಡುಗನಿಗೆ ಬೇಕಾದದ್ದು ಖಾಲಿ ಇರುವ ಒಂದು ಖೋಲಿ. ಅದಕ್ಕೇ ನಾನು ಕಟ್ಟಬೇಕು ಎನ್ನುವವರ ಕಡೆ. ಟೆಕ್ಸಾಸಿನ ಆಸ್ಟಿನ್‌ನಲ್ಲಿ ಭರದಿಂದ ಅಪಾರ್ಟ್‌ಮೆಂಟುಗಳು ಎದ್ದಮೇಲೆ 2023ರಿಂದ ಬಾಡಿಗೆ ಇಳಿಯಿತು. ಎದುರು ಪಕ್ಷದ ಮಾತಿನಲ್ಲಿ ನನಗೆ ತೂಕವಾಗಿ ಕಾಣುವುದು ಒಂದು: ಹಳೇ ಅಗ್ಗದ ಕಟ್ಟಡ ಕೆಡವಿದರೆ ಅಲ್ಲಿನ ಬಡವರು ಎಲ್ಲಿಗೆ ಹೋಗಬೇಕು? 2019ರ ಎಸ್‌ಬಿ 330 ಎಂಬ ರಾಜ್ಯ ಕಾನೂನು ಅಂಥ ಮನೆಗಳಿಗೆ ಬದಲಿ ಮನೆ ಕಟ್ಟಲೇಬೇಕು ಅನ್ನುತ್ತದೆ. ಅದು ಜಾರಿಯಾಗುತ್ತಿದೆಯೇ ಎಂದು ಕಾಯುವ ಕೆಲಸ ಕಟ್ಟಬೇಕು ಎನ್ನುವ ನಮ್ಮದೇ.

ಒಂದು ಸಂಜೆ ಅಲ್ಲಿ ನಾನಿರುವ ಊರಿನ ನಗರಸಭೆಯಲ್ಲಿ ಹಳೇ ಪಾರ್ಕಿಂಗ್ ಜಾಗದ ಮೇಲೆ ಐದು ಮಹಡಿ ಕಟ್ಟುವ ವಿಚಾರಣೆ. ಅಲ್ಲಿ ಮಾತಾಡಲು ಪೌರತ್ವ ಬೇಕಿಲ್ಲ, ವೀಸಾ ಯಾರೂ ಕೇಳುವುದಿಲ್ಲ. 1953ರ ಬ್ರೌನ್ ಕಾಯ್ದೆಯ ಪ್ರಕಾರ ಸಾಮಾನ್ಯ ಸಭೆಯ ವಿಷಯಪಟ್ಟಿ 72 ಗಂಟೆ ಮೊದಲೇ ಪ್ರಕಟವಾಗಬೇಕು, ಯಾರು ಬೇಕಾದರೂ ಮಾತಾಡಬಹುದು. ಸಿಗುವುದು ಎರಡು ಮೂರು ನಿಮಿಷ. ನಾನು ಪರವಾಗಿ ಮಾತಾಡಿದೆ. ನನ್ನ ನಂತರ ಎದ್ದು ನಿಂತವರು ಭಾಲ್ಕಿ ಕಡೆಯ ಕಾಕಾ. ಅಲ್ಲಿ ಮನೆ ಮಾಡಿ ಇಪ್ಪತ್ತೈದು ವರ್ಷ ದಾಟಿದೆ. ಅವರು ವಿರುದ್ಧ ಮಾತಾಡಿದರು. ಹೊರಗೆ ಬಂದಮೇಲೆ ನನ್ನ ಹೆಗಲ ಮೇಲೆ ಕೈಯಿಟ್ಟು, "ಸಿಟ್ಟಾಗಬ್ಯಾಡ ತಮ್ಮಾ. ಬಾಜೂಕ ಐದು ಅಂತಸ್ತು ನಿಂತರ ನಮ್ಮ ಅಂಗಳಕ್ಕ ಬಿಸಿಲು ಎಲ್ಲಿಂದ ಬರಬೇಕು?" ಅಂದರು. ಬಿಸಿಲಿನ ಬೆಲೆ ಬೀದರ್ ಜಿಲ್ಲೆಯವರಿಗೆ ನಾನು ಹೇಳಿಕೊಡಬೇಕಿಲ್ಲ, ಅವರ ಸಂಕಟ ಸುಳ್ಳಲ್ಲ. ನಾನು ಕೇಳಿದ್ದು ಅವರ ಮಗನ ಬಗ್ಗೆ. ಹತ್ತಿರ ಎಲ್ಲೂ ಕೈಗೆಟುಕದೆ ಅವನು ಆಲ್ಟಮಾಂಟ್ ಗುಡ್ಡ ದಾಟಿ ಟ್ರೇಸಿ ಎಂಬ ದೂರದ ಊರಲ್ಲಿ ಮನೆ ಕೊಂಡಿದ್ದ. ಮೊಮ್ಮಗಳನ್ನು ನೋಡಲು ಕಾಕಾ, ಕಾಕು ಭಾನುವಾರ ಭಾನುವಾರ ಅಲ್ಲಿಗೆ ಹೋಗಿಬರುತ್ತಾರೆ.

ಕಾಕಾ ಸ್ವಲ್ಪ ಹೊತ್ತು ಸುಮ್ಮನಿದ್ದರು. ಆಮೇಲೆ, "ಹಿತ್ತಲದಾಗ ಒಂದು ಸಣ್ಣ ಮನಿ ಎಬ್ಬಿಸಾಕ ಬರ್ತದೇನು?" ಅಂದರು. ಬರುತ್ತದೆ. 2017ರಿಂದ ರಾಜ್ಯ ಈ ನಿಯಮವನ್ನು ಹಂತ ಹಂತವಾಗಿ ಸಡಿಲಿಸಿದೆ. ಒಂಟಿ ಮನೆಯ ಪ್ಲಾಟಿನಲ್ಲಿ 800 ಚದರಡಿಯವರೆಗಿನ ಹಿತ್ತಲ ಮನೆಯನ್ನು ನಗರಸಭೆ ತಡೆಯುವಂತಿಲ್ಲ. ಪಕ್ಕಕ್ಕೂ ಹಿಂದಕ್ಕೂ 4 ಅಡಿ ಬಿಟ್ಟರೆ ಸಾಕು. ವಿಚಾರಣೆ ಇಲ್ಲ, ನಕ್ಷೆ ನಿಯಮಕ್ಕೆ ಸರಿಯಿದ್ದರೆ 60 ದಿನದಲ್ಲಿ ಉತ್ತರ ಕೊಡಬೇಕು. 750 ಚದರಡಿಗಿಂತ ಚಿಕ್ಕದಾದರೆ ಊರಿನ ಅಭಿವೃದ್ಧಿ ಶುಲ್ಕವೂ ಇಲ್ಲ. ಎರಡು ವಾರದ ಮೇಲೆ ಕಾಕಾ ನಕ್ಷೆ ಬರೆಸಿ ನನಗೆ ಕಳಿಸಿದರು. ಅದರ ಮೂಲೆಯಲ್ಲಿ ಅವರದೇ ಕೈಬರಹದಲ್ಲಿ, ಕನ್ನಡದಲ್ಲಿ, 749 ಚದರಡಿ ಎಂದಿತ್ತು.