ಸೊಳ್ಳೆಪರದೆ ಕಟ್ಟಿ ಹಾವು ಉಳಿಸಿದ್ದು

ಗೋವಾದಲ್ಲಿ ವನ್ಯಜೀವಿ ತರಬೇತಿಯ ಹೊಣೆ ಹೊತ್ತು ಹದಿನೈದು ವರ್ಷದ ಮೇಲಾಯಿತು. ಕಟ್ಟಡ ಕಾರ್ಮಿಕರ ಶೆಡ್ಡುಗಳಲ್ಲಿ ಹಾವು ಕೊಲ್ಲುವುದು ನಿಲ್ಲಬೇಕಾದರೆ ಸೊಳ್ಳೆಪರದೆ ಹಂಚಬೇಕು ಎಂದಾಗ ನಮ್ಮ ವಲಯದಲ್ಲಿ ನಕ್ಕವರೇ ಹೆಚ್ಚು. ‘ಅದು ಆರೋಗ್ಯ ಇಲಾಖೆಯ ಕೆಲಸ’ ಎಂದರು. ನಕ್ಕವರೇ ಈಗ ಫೋನ್ ಮಾಡಿ ಪರದೆಯ ಅಳತೆ ಕೇಳುತ್ತಿದ್ದಾರೆ. ಒಬ್ಬೊಬ್ಬರಿಗೂ ಹೇಳುವುದಕ್ಕಿಂತ ಬರೆಯುವುದೇ ಲೇಸು.

ಜುವಾರಿನಗರ, ವೆರ್ಣಾ, ಫೋಂಡಾ ಸುತ್ತಿನ ಶೆಡ್ಡುಗಳಲ್ಲಿ ಇರುವವರು ಬಹುಪಾಲು ವಿಜಯಪುರ, ಬಾಗಲಕೋಟೆ, ಗದಗ, ಕೊಪ್ಪಳದ ಕಡೆಯವರು. ನಾನೂ ಧಾರವಾಡದವನಾದ್ದರಿಂದ ಮಾತಿಗೆ ತೊಡಕಿರಲಿಲ್ಲ. ತೊಡಕಿದ್ದದ್ದು ಮಾತು ಕೇಳುವ ಹೊತ್ತಿನಲ್ಲಿ. ದಿನವಿಡೀ ಕಾಂಕ್ರೀಟ್ ಹೊತ್ತವರನ್ನು ಸಂಜೆ ಕೂರಿಸಿ ಪ್ರೊಜೆಕ್ಟರ್ ಹಚ್ಚಿದರೆ ನಾಲ್ಕನೆಯ ಚಿತ್ರಕ್ಕೆ ಗೊರಕೆ. ಪ್ರೊಜೆಕ್ಟರ್ ಬಾಡಿಗೆ, ಜೀಪು, ಚಹಾ, ಬ್ಯಾನರ್ ಸೇರಿ ಒಂದು ಸಂಜೆಗೆ ಹನ್ನೆರಡು ಸಾವಿರ ಹತ್ತಿರ ಬೀಳುತ್ತಿತ್ತು. ಆ ಬ್ಯಾನರುಗಳು ಮಾತ್ರ ದಂಡವಾಗಲಿಲ್ಲ, ಸೋರುವ ತಗಡಿನ ಮೇಲೆ ಹೊದಿಕೆಯಾಗಿ ಎರಡು ಮಳೆಗಾಲ ಬಾಳಿದವು.

ಜೀವಂತ ಹಾವು ತೋರಿಸುವ ಪ್ರದರ್ಶನ ಇನ್ನೂ ಕೆಟ್ಟದ್ದು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಗೆ ವಿರುದ್ಧ ಎನ್ನುವುದು ಒಂದು ಕಡೆ ಇರಲಿ, ಹಾಗೆ ತೋರಿಸಿ ಹೋದವರ ಹಿಂದೆಯೇ ಇಬ್ಬರು ಹುಡುಗರು ಕೊಳಕುಮಂಡಲದ ಬಾಲಕ್ಕೆ ಕೈ ಹಾಕಿದ್ದರು. ಹಾವು ಕಲ್ಲಿನ ಸಂದಿಗೆ ಸರಿಯಿತು, ಹುಡುಗರು ಉಳಿದರು.

ನನ್ನ ದಾರಿ ತಿರುಗಿಸಿದ್ದು ಬಾದಾಮಿ ಕಡೆಯ ಒಬ್ಬ ಅಡುಗೆಯಾಕೆ. ಹಾವು ಇಲಿ ತಿನ್ನುತ್ತದೆ, ರೈತನ ಮಿತ್ರ ಎಂದು ನಾನು ಹೇಳುತ್ತಿದ್ದಂತೆಯೇ, ‘ತಮ್ಮಾ, ನಿನ್ನ ಹಾವು ಒಳ್ಳೆಯದೇ ಇರಲಿ. ನನ್ನ ಮಕ್ಕಳು ನೆಲದ ಮೇಲೆ ಮಲಗುತ್ತಾರೆ’ ಎಂದರು. ಅಂಥವರ ಮುಂದೆ ಆಹಾರ ಸರಪಳಿಯ ಚಿತ್ರ ಹಿಡಿದು ಏನು ಪ್ರಯೋಜನ? ಹೆದರಿಕೆ ಇರುವುದು ಹಾಸಿಗೆಯಲ್ಲಿ. ಅಲ್ಲಿಂದ ಅದನ್ನು ತೆಗೆದರೆ ಕೋಲು ತಾನಾಗಿ ಮೂಲೆ ಸೇರುತ್ತದೆ ಎಂದು ಹಟ ಹಿಡಿದೆ.

ಕಟ್ಟುಹಾವು ಎಂದರೆ ಇಂಗ್ಲಿಷಿನ ಕ್ರೇಟ್, ಕಡುವಿಷದ ಹಾವು. ರಾತ್ರಿ ಸಂಚಾರ, ನೆಲದಲ್ಲಿ ಮಲಗಿದವರಿಗೆ ಕಡಿತ, ಹೆಚ್ಚಾಗಿ ನೋವೂ ಇಲ್ಲ ಬಾವೂ ಇಲ್ಲ. ಪರದೆಯ ಅಂಚನ್ನು ಹಾಸಿಗೆಯಡಿ ಸಿಕ್ಕಿಸಿದರೆ ಅದಕ್ಕೆ ಒಳಗೆ ದಾರಿಯಿಲ್ಲ. ಆದರೆ ಪೇಟೆಯ ಅಗ್ಗದ ಪರದೆ ಮಂಚಕ್ಕೆಂದು ಹೊಲಿದದ್ದು. ಶೆಡ್ಡಿನ ಅಡ್ಡಪಟ್ಟಿಗೆ ತೂಗುಹಾಕಿದರೆ ನೆಲದಿಂದ ಒಂದು ಗೇಣು ಮೇಲೆಯೇ ನಿಲ್ಲುತ್ತದೆ. ಫೋಂಡಾದ ಟೈಲರ್ ಒಬ್ಬರಿಂದ ಸುತ್ತಲೂ ಹಳೆಯ ಸೀರೆಯ ಪಟ್ಟಿ, ಸುಮಾರು ಒಂದು ಮೊಳ ಅಗಲ, ಹಚ್ಚಿಸಿದೆ. ಸೀರೆ ಭಾರಕ್ಕೆ ಕೆಳಗೆ ಇಳಿಯುತ್ತದೆ, ಚಾಪೆಯಡಿ ಎರಡು ಮಡಿಕೆಯಾಗಿ ಕೂರುತ್ತದೆ. ಪರದೆಗೆ ಇನ್ನೂರರ ಒಳಗೆ, ಹೊಲಿಗೆಗೆ ಮೂವತ್ತು. ಕಟ್ಟಲು ದಾರ ಕೊಳ್ಳಬೇಕಿಲ್ಲ, ಸೈಟಿನಲ್ಲಿ ಬೈಂಡಿಂಗ್ ತಂತಿ ಬಿದ್ದಿರುತ್ತದೆ.

ದುಡ್ಡು ಹುಟ್ಟಿಸುವುದರಲ್ಲಿ ಸಾಕುಸಾಕಾಯಿತು. ವನ್ಯಜೀವಿಗೆಂದು ಹಣ ಕೊಡುವವರು ‘ಪರದೆಯ ಫೋಟೋದಲ್ಲಿ ಹಾವು ಎಲ್ಲಿ?’ ಎಂದು ಕೇಳಿ ಕೈಬಿಟ್ಟರು. ಮೊದಲ ಐವತ್ತು ಚಿಲ್ಲರೆ ಪರದೆ ನನ್ನ ಸಂಬಳದ್ದು. ಆಮೇಲೆ ಗುತ್ತಿಗೆದಾರರ ಜೇಬಿನಿಂದಲೇ ಅರ್ಧ ಹೊರಡಿಸಿದೆ. ಅವರಿಗೆ ಹೇಳಿದ ಮಾತು ಏನೆಂದು ಇಲ್ಲಿ ಬರೆಯಲಾರೆ, ಮುಂದಿನ ವರ್ಷವೂ ಅದೇ ಮಾತಿನಿಂದ ಕೆಲಸ ಆಗಬೇಕಿದೆ.

ತರಬೇತಿ ಕೊಟ್ಟದ್ದು ಮೇಸ್ತ್ರಿಗಳಿಗಲ್ಲ, ಅಡುಗೆಯವರಿಗೆ. ಶೆಡ್ಡಿನಲ್ಲಿ ಎಲ್ಲರಿಗಿಂತ ಕೊನೆಗೆ ಮಲಗುವವರು ಅವರೇ. ತಿಂಗಳಿಗೆ ಸಾವಿರದ ಆಸುಪಾಸು ಗೌರವಧನ, ಒಂದು ಬ್ಯಾಟರಿ. ಮಲಗುವ ಮುನ್ನ ಹತ್ತು ನಿಮಿಷ ಸುತ್ತು ಹಾಕಿ ಪರದೆಯ ಅಂಚು ಮುಟ್ಟಿ ನೋಡಬೇಕು. ಜೊತೆಗೆ ಎರಡೇ ಪಾಠ. ಬೆಳಗಿನ ಜಾವ ಯಾರಿಗಾದರೂ ಹೊಟ್ಟೆನೋವು ಬಂದು ರೆಪ್ಪೆ ಜೋತರೆ ಅದು ಕಟ್ಟುಹಾವಿನ ಕಡಿತವಿರಬಹುದು, ಹಾವು ಕಂಡೆಯಾ ಎಂದು ವಿಚಾರಣೆಗೆ ಕೂರದೆ 108ಕ್ಕೆ ಫೋನ್ ಮಾಡಿ ಬಾಂಬೊಳಿಯ ಮೆಡಿಕಲ್ ಕಾಲೇಜಿಗೆ ಸಾಗಿಸುವುದು. ಎರಡನೆಯದು ವಿಷವಿಲ್ಲದ ತೋಳಹಾವಿನ ಗುರುತು. ಗೋಡೆ ಹತ್ತುವ ಈ ಬಡಪಾಯಿಯನ್ನು ಕಟ್ಟುಹಾವೆಂದೇ ಬಡಿಯುತ್ತಾರೆ. ತೋಳಹಾವಿನ ಪಟ್ಟೆ ಕತ್ತಿನ ಬಳಿಯೇ ಶುರುವಾಗಿ ಬಾಲದತ್ತ ಮಸುಕಾಗುತ್ತದೆ. ಕಟ್ಟುಹಾವಿನದು ತಲೆಯಿಂದ ಸಾಕಷ್ಟು ಹಿಂದೆ ಶುರುವಾಗಿ ಬಾಲದತ್ತ ಎದ್ದು ಕಾಣುತ್ತದೆ. ಎರಡನ್ನೂ ದೂರದಿಂದ ನೋಡಿ ಫೋನ್ ಮಾಡಬೇಕು, ಕೈ ಹಾಕುವಂತಿಲ್ಲ. ಗುರುತು ಹೇಳುವುದರಲ್ಲಿ ನನ್ನ ಅಡುಗೆಯವರು ಕೆಲವು ಪದವೀಧರ ಸ್ವಯಂಸೇವಕರಿಗಿಂತ ಚುರುಕು.

ನಡುವೆ ಒಂದು ತಮಾಷೆಯನ್ನೂ ಮಾಡಿದೆ. ಫಿನೈಲ್ ಸುರಿದರೆ ಹಾವು ಬರುವುದಿಲ್ಲ ಎಂದು ಎಲ್ಲ ಶೆಡ್ಡಿನಲ್ಲೂ ನಂಬಿಕೆ. ಕೆಲವು ಹೊಸ್ತಿಲ ಬಳಿ ಫಿನೈಲ್ ಗೆರೆ ಎಳೆಸಿ, ಅದರಾಚೆಗೂ ಈಚೆಗೂ ಜಲ್ಲಿಪುಡಿ ಜರಡಿ ಹಿಡಿದು ಹರಡಿಸಿದೆ. ಬೆಳಿಗ್ಗೆ ನೋಡಿದರೆ ಗೆರೆ ದಾಟಿದ ಹಾವಿನ ಜಾಡು ಸ್ಪಷ್ಟವಾಗಿತ್ತು, ಪಕ್ಕದಲ್ಲೇ ಇಲಿಯ ಹೆಜ್ಜೆ. ಅಕ್ಕಿ ಚೀಲಗಳನ್ನು ಸೆಂಟ್ರಿಂಗ್ ಹಲಗೆಯ ಅಟ್ಟದ ಮೇಲೆ ಏರಿಸಿ, ಜಂಬಿಟ್ಟಿಗೆ ಕಲ್ಲಿನ ರಾಶಿಯನ್ನು ಶೆಡ್ಡಿನಿಂದ ದೂರ ಸರಿಸಿದ ಮೇಲೆ ಎರಡೂ ಜಾಡು ಕಡಿಮೆಯಾದವು. ಫಿನೈಲಿನ ದುಡ್ಡು ಉಳಿಯಿತು, ಅದನ್ನೇ ಬ್ಯಾಟರಿ ಸೆಲ್ಲಿಗೆ ಹಾಕಿದೆ.

ಮೊದಲೆಲ್ಲ ನಮಗೆ ಬರುತ್ತಿದ್ದ ಕರೆ ಹತ್ತರಲ್ಲಿ ಎಂಟು ‘ಹೊಡೆದಿದ್ದೇವೆ, ಯಾವ ಹಾವು ನೋಡಿ ಹೇಳಿ’ ಎನ್ನುವಂಥವು. ಕಳೆದ ಮಳೆಗಾಲದಲ್ಲಿ ಲೆಕ್ಕ ತಿರುವುಮುರುವಾಗಿದೆ, ಹಾವು ಜೀವಂತವಿರುವಾಗಲೇ ಕರೆಯುತ್ತಾರೆ. ಪರದೆ ಕಟ್ಟಿದ ಶೆಡ್ಡುಗಳಲ್ಲಿ ಹಾಸಿಗೆಯಲ್ಲಿ ಕಡಿತ ಇದುವರೆಗೆ ಒಂದೂ ಆಗಿಲ್ಲ.

ಪಂಚಮಿಗೆ ಅಡುಗೆಯವರು ಊರಿಗೆ ಹೊರಟರೆ ಸುತ್ತು ಹಾಕುವವರಿಲ್ಲ, ಹಾವು ಹೆಚ್ಚು ಓಡಾಡುವುದೂ ಆ ಹೊತ್ತಿನಲ್ಲೇ. ಈ ಸಲ ಬದಲಿಗೆ ಇಬ್ಬರು ವಾಚ್‌ಮನ್‌ಗಳನ್ನು ಹಚ್ಚಿದ್ದೇನೆ, ಅವರು ಬ್ಯಾಟರಿಗಿಂತ ಹೆಚ್ಚು ಮೊಬೈಲ್ ಹಿಡಿಯುತ್ತಾರೆ. ಬೇರೆ ಉಪಾಯ ಕಂಡುಕೊಂಡವರು ತಿಳಿಸಿ.