ಮಂಚಕ್ಕೆ ಮರ ಆರಿಸಿ ತಂದಿದ್ದು

ಮೊದಲ ಸಲ ಮಂಚ ಮಾಡಿದಾಗ ನಾನು ಮರ ಆರಿಸಲೇ ಇಲ್ಲ. ಅಂಗಡಿಗೆ ಹೋದೆ, ಅಳತೆ ಹೇಳಿದೆ, ಕೊಟ್ಟಿದ್ದನ್ನು ತಂದೆ. ಕೂಡಿಸಿದಾಗ ಚೆನ್ನಾಗಿಯೇ ಇತ್ತು. ಕೆಲವು ತಿಂಗಳಲ್ಲಿ ಕೀಲುಗಳು ಸಡಿಲವಾಗಿ, ಮಗ್ಗುಲು ಬದಲಿಸಿದಾಗಲೆಲ್ಲ ಕಿರ್ ಅನ್ನತೊಡಗಿತು. ಮರ ಹಸಿಯಾಗಿತ್ತು. ಒಣಗುತ್ತಾ ಕುಗ್ಗಿ, ಸೇರಿಸಿದ ಕಡೆಯೆಲ್ಲ ಸಂದು ಬಿಟ್ಟಿತ್ತು.

ಅದೇ ಹಾಸಿಗೆಗೆ ಎರಡನೇ ಮಂಚ ಮಾಡುವಾಗ ಕೈಯಲ್ಲಿ ದುಡ್ಡು ಕಡಿಮೆ ಇತ್ತು. ತೇಗದ ಮಾತೇ ಇಲ್ಲ. ಅದಕ್ಕೇ ಈ ಸಲ ಮೊದಲು ಕಾಗದ ಹಿಡಿದು ಕೂತೆ. ಮಂಚದ ಯಾವ ಭಾಗಕ್ಕೆ ಏನು ಕೆಲಸ ಅಂತ ಒಂದೊಂದಾಗಿ ಬರೆದೆ. ದುಡ್ಡು ಉಳಿದದ್ದು ಆ ಕಾಗದದಿಂದಲೇ. ಇಡೀ ಮಂಚಕ್ಕೆ ಒಂದೇ ದರ್ಜೆಯ ಮರ ಬೇಕಾಗಿಲ್ಲ ಅಂತ ಬರೆಯುತ್ತಾ ಹೋದಂತೆ ಗೊತ್ತಾಯಿತು.

ಭಾರ ಹೊರುವುದು ಎರಡು ಪಕ್ಕದ ಪಟ್ಟಿಗಳು. ಇಲ್ಲಿ ಎಲ್ಲರೂ ದಪ್ಪ ಮರ ಕೇಳುತ್ತಾರೆ, ನಾನೂ ಮೊದಲು ಹಾಗೇ ಕೇಳಿದ್ದೆ. ಆದರೆ ಪಟ್ಟಿ ಬಾಗದಂತೆ ತಡೆಯುವುದು ಅದರ ಎತ್ತರ. ದಪ್ಪ ಎರಡು ಪಟ್ಟಾದರೆ ಬಿಗಿ ಎರಡು ಪಟ್ಟಾಗುತ್ತದೆ, ಎತ್ತರ ಎರಡು ಪಟ್ಟಾದರೆ ಎಂಟು ಪಟ್ಟು. 4 ಇಂಚಿನ ಪಟ್ಟಿಯ ಬದಲು ಅದೇ ದಪ್ಪದ 6 ಇಂಚಿನದು ಹಾಕಿದರೆ ಮರ ಒಂದೂವರೆ ಪಟ್ಟು, ಬಿಗಿ ಮೂರು ಪಟ್ಟಿಗಿಂತ ಜಾಸ್ತಿ. ಹಾಗಾಗಿ ಒಂದೂವರೆ ಇಂಚು ದಪ್ಪ, 6 ಇಂಚು ಎತ್ತರ ಸಾಕು ಅಂತ ತೀರ್ಮಾನಿಸಿದೆ. ಒಳ್ಳೆಯ ಮರಕ್ಕೆ ದುಡ್ಡು ಹಾಕಿದ್ದು ಈ ಎರಡು ಪಟ್ಟಿಗೆ ಮಾತ್ರ.

ಹಾಸಿಗೆ ಕೂರುವ ಅಡ್ಡಪಟ್ಟಿಗಳದ್ದು ಬೇರೆ ಲೆಕ್ಕ. ನಮ್ಮ ಹಾಸಿಗೆ 75 ಇಂಚು ಉದ್ದ, 60 ಇಂಚು ಅಗಲ. 3 ಇಂಚಿನ ಪಟ್ಟಿ, ನಡುವೆ 3 ಇಂಚು ಸಂದು ಅಂದರೆ 13 ಸಾಲು ಸರಿಯಾಗಿ ಕೂರುತ್ತವೆ. ಫೋಮ್ ಹಾಸಿಗೆ ಆದ್ದರಿಂದ ಅದಕ್ಕಿಂತ ಜಾಸ್ತಿ ಸಂದು ಬಿಡಲು ಮನಸ್ಸಾಗಲಿಲ್ಲ. ಮಂಚದ ಮಧ್ಯೆ ಉದ್ದಕ್ಕೆ ಒಂದು ತೊಲೆ ಹಾಕಿ, ಅದರ ನಡುವಿಗೊಂದು ಕಾಲು ಕೊಟ್ಟೆ. ಆಗ 60 ಇಂಚಿನ ಉದ್ದ ಪಟ್ಟಿಗಳೇ ಬೇಡವಾದವು. 30 ಇಂಚಿನ ಎರಡು ತುಂಡು ತೊಲೆಯ ಮೇಲೆ ಬಂದು ಸೇರಿದರೆ ಆಯಿತು. ಬೇಕಾದದ್ದು 26 ಗಿಡ್ಡ ತುಂಡು. ಉದ್ದ ಮರ ಕೊಯ್ದ ಮೇಲೆ ಮೂಲೆಯಲ್ಲಿ ರಾಶಿ ಬೀಳುವ ತುಂಡುಗಳಿವೆಯಲ್ಲ, ಅವನ್ನು ಕೇಳುವವರು ಕಡಿಮೆ. ನನಗೆ ಸುಮಾರು ಪಾಲು ಅಲ್ಲೇ ಸಿಕ್ಕಿತು. ಅಡ್ಡಪಟ್ಟಿ ತೆಳುವಾದ್ದರಿಂದ ಗಂಟಿರುವಲ್ಲೇ ಮುರಿಯುತ್ತದೆ. ಅದಕ್ಕೇ ಗಂಟು ಬಂದ ಕಡೆ ಕೊಯ್ದು ತೆಗೆದೆ. ಗಿಡ್ಡ ತುಂಡಿನಲ್ಲಿ ಹಾಗೆ ಮಾಡುವುದು ಸುಲಭ.

ಕಾಲುಗಳಿಗೆ ಹಳೇ ಬಾಗಿಲ ಚೌಕಟ್ಟಿನ ಮರ ತಂದೆ. ಅಷ್ಟು ಹಳೆಯದು ಎಂದೋ ಒಣಗಿರುತ್ತದೆ, ಇನ್ನು ಸೊಟ್ಟಗಾಗುವ ಭಯ ಕಡಿಮೆ. ಅಯಸ್ಕಾಂತ ಆಡಿಸಿ ಒಳಗೆ ಉಳಿದ ಮೊಳೆಗಳನ್ನು ಹುಡುಕಿ ಕಿತ್ತೆ. ಒಂದೇ ಒಂದು ಮೊಳೆ ಸಾಕು, ಗರಗಸದ ಹಲ್ಲು ಹೋಗುತ್ತದೆ. ಹುಳುವಿನ ತೂತಿದ್ದರೆ ಮರವನ್ನು ಕುಟ್ಟಿ ನೋಡಬೇಕು. ಹಿಟ್ಟಿನಂಥ ಪುಡಿ ಉದುರಿದರೆ ಒಳಗೆ ಹುಳು ಇನ್ನೂ ಇದೆ ಅಂತಲೇ ಎಣಿಸಿ ನಾನು ಬಿಟ್ಟುಬಿಡುತ್ತೇನೆ.

ಪಕ್ಕದ ಪಟ್ಟಿಗೆ ಪೈನ್ ಹಲಗೆ ಆರಿಸಿದ್ದು ಒಂದು ಇಡೀ ಬೆಳಗಿನ ಕೆಲಸ. ಹಲಗೆಯ ಒಂದು ತುದಿ ನೆಲದ ಮೇಲಿಟ್ಟು, ಇನ್ನೊಂದು ತುದಿ ಕಣ್ಣಿನ ಹತ್ತಿರ ತಂದು, ಒಂದು ಕಣ್ಣು ಮುಚ್ಚಿ ಅಂಚಿನುದ್ದಕ್ಕೂ ನೋಡುತ್ತಿದ್ದೆ. ಸ್ವಲ್ಪ ಬಾಗಿದ್ದರೆ ಅಡ್ಡಿಯಿಲ್ಲ, ಹತ್ತರಿ ಹೊಡೆದರೆ ಸರಿಹೋಗುತ್ತದೆ. ತಿರುಚಿದ್ದನ್ನು ಮಾತ್ರ ಬೇಡವೆಂದು ಪಕ್ಕಕ್ಕಿಟ್ಟೆ. ತಿರುಚು ತೆಗೆಯಲು ಹೋದರೆ ದಪ್ಪವೇ ಉಳಿಯುವುದಿಲ್ಲ. ಆಮೇಲೆ ತುದಿಯ ಅಡ್ಡಕೊಯ್ತ ನೋಡುತ್ತಿದ್ದೆ. ಉಂಗುರಗಳ ನಟ್ಟನಡುವಿನ ಚುಕ್ಕಿ, ಅಂದರೆ ಮರದ ತಿರುಳು, ಹಲಗೆಯೊಳಗೇ ಇದ್ದರೆ ಮುಂದೆ ಬಿರುಕು ಬಿಡುವ ಸಾಧ್ಯತೆ ಹೆಚ್ಚು. ಗಂಟುಗಳಲ್ಲೂ ವ್ಯತ್ಯಾಸ ಇದೆ. ಹಲಗೆಯ ನಡುಭಾಗದಲ್ಲಿ ಗಟ್ಟಿಯಾಗಿ ಕೂತ ಸಣ್ಣ ಗಂಟು ಇರಲಿ. ಅಂಚಿನ ಗಂಟು, ಸುತ್ತ ಕಪ್ಪು ಗೆರೆ ಇರುವ ಗಂಟು ಬೇಡ. ಕಪ್ಪು ಗೆರೆಯದು ಮುಂದೊಂದು ದಿನ ಕಳಚಿ ಬೀಳಬಹುದು.

ಆರಿಸಿ ಆದ ಮೇಲೆ ರಾಶಿಯನ್ನು ಮೊದಲಿನ ಹಾಗೇ ಜೋಡಿಸಿಟ್ಟೆ. ಹಾಗೆ ಮಾಡಿದರೆ ಮುಂದಿನ ಸಲ ಹೋದಾಗಲೂ ಬೇಜಾರಿಲ್ಲದೆ ಆರಿಸಲು ಬಿಡುತ್ತಾರೆ.

ದರ ಹೋಲಿಸುವಾಗ ಒಂದು ವಿಷಯ ನೆನಪಿರಲಿ. ಹತ್ತರಿ ಹೊಡೆದು ಎರಡು ಇಂಚು, ನಾಲ್ಕು ಇಂಚು ಅಂತ ಮಾರುವ ಪೈನ್ ನಿಜವಾಗಿ ಒಂದೂವರೆ ಇಂಚು, ಮೂರೂವರೆ ಇಂಚು ಇರುತ್ತದೆ. ಟೇಪು ಹಿಡಿದೇ ನೋಡಬೇಕು. ಅಗಲ ಮತ್ತು ದಪ್ಪ ಇಂಚಿನಲ್ಲಿ, ಉದ್ದ ಅಡಿಯಲ್ಲಿ ಇಟ್ಟು ಗುಣಿಸಿ 144ರಿಂದ ಭಾಗಿಸಿದರೆ ಘನ ಅಡಿ ಬರುತ್ತದೆ. ನನ್ನ 7 ಅಡಿಯ ಒಂದು ಪಟ್ಟಿಗೆ 0.44 ಘನ ಅಡಿ ಬಂತು. ಈ ಲೆಕ್ಕ ಮನಸ್ಸಲ್ಲಿದ್ದರೆ ಬೇರೆ ಬೇರೆ ಅಳತೆಯ ಮರಗಳನ್ನೂ ಒಂದಕ್ಕೊಂದು ತೂಗಿ ನೋಡಬಹುದು.

ಇನ್ನು ತೇವ. ಮನೆಯೊಳಗಿನ ಪೀಠೋಪಕರಣಕ್ಕೆ ಸಾಮಾನ್ಯವಾಗಿ ಶೇ. 8ರಿಂದ 12ರಷ್ಟು ತೇವ ಇರಬೇಕು ಅನ್ನುತ್ತಾರೆ. ನನ್ನ ಹತ್ತಿರ ಮೀಟರ್ ಇರಲಿಲ್ಲ. ಹಸಿ ಮರ ಮುಟ್ಟಿದರೆ ತಣ್ಣಗಿರುತ್ತದೆ, ಅದೇ ಜಾತಿಯ ಒಣ ಹಲಗೆಗಿಂತ ಭಾರ ಇರುತ್ತದೆ. ಈ ಎರಡನ್ನೇ ನಂಬಿ ಆರಿಸಿದೆ. ಮರ ಉದ್ದಕ್ಕೆ ಕುಗ್ಗುವುದು ಬಹಳ ಕಡಿಮೆ, ಅಗಲಕ್ಕೇ ಜಾಸ್ತಿ. 6 ಇಂಚಿನ ಹಸಿ ಹಲಗೆ ಒಣಗಿ ಕಾಲಿಂಚು ಕಿರಿದಾಗಬಹುದು. ನನ್ನ ಮೊದಲ ಮಂಚ ಕೆಟ್ಟಿದ್ದೂ ಹೀಗೇ.

ತಂದ ದಿನವೇ ಕೊಯ್ಯಲಿಲ್ಲ. ಮಂಚ ಹಾಕುವ ಕೋಣೆಯಲ್ಲೇ ಹಲಗೆಗಳ ನಡುವೆ ಒಂದೇ ದಪ್ಪದ ಕಡ್ಡಿಗಳನ್ನು ಅಡ್ಡ ಇಟ್ಟು ಜೋಡಿಸಿದೆ, ಮೇಲೆ ಭಾರ ಹೇರಿದೆ. ಒಂದು ತುಂಡನ್ನು ಮಾತ್ರ ಬೇರೆ ಇಟ್ಟುಕೊಂಡು ಎರಡು ದಿನಕ್ಕೊಮ್ಮೆ ಅಡುಗೆಮನೆಯ ತಕ್ಕಡಿಯಲ್ಲಿ ತೂಗಿ ಗೋಡೆಗೆ ಅಂಟಿಸಿದ ಚೀಟಿಯಲ್ಲಿ ಬರೆಯುತ್ತಿದ್ದೆ. ಮೊದಲ ವಾರ ತೂಕ ಪ್ರತಿ ಸಲವೂ ಇಳಿಯಿತು, ಆಮೇಲೆ ನಿಧಾನವಾಯಿತು. ಮೂರನೇ ವಾರದ ಕೊನೆಗೆ ಸತತ ಮೂರು ಸಲ ಒಂದೇ ತೂಕ ಬಂತು. ಆಗ ಗರಗಸ ಕೈಗೆತ್ತಿಕೊಂಡೆ.

ಅಷ್ಟು ನೋಡಿ ತಂದರೂ ಅಷ್ಟರಲ್ಲಿ ಒಂದು ಹಲಗೆ ತಿರುಚಿಕೊಂಡಿತ್ತು. ಪಟ್ಟಿಗೆಂದು ಒಂದು ಹಲಗೆ ಹೆಚ್ಚಿಗೇ ತಂದಿದ್ದೆ, ಬಚಾವಾದೆ. ತಿರುಚಿದ್ದನ್ನು ಎಸೆಯಲಿಲ್ಲ. 7 ಅಡಿಯಲ್ಲಿ ಎದ್ದು ಕಾಣುವ ತಿರುಚು 30 ಇಂಚಿನ ತುಂಡಿನಲ್ಲಿ ಅಷ್ಟಾಗಿ ತಿಳಿಯುವುದಿಲ್ಲ. ಸೀಳಿ, ತುಂಡು ಮಾಡಿ, ಅಡ್ಡಪಟ್ಟಿಗೆ ಕಡಿಮೆ ಬಿದ್ದಿದ್ದ ಕಡೆ ಹಾಕಿದೆ.